ಹೊಸ ಕಂಪ್ಯೂಟರ್‌ನಲ್ಲಿ ಹಳೇ ಲ್ಯಾಬ್ ಸಾಫ್ಟ್‌ವೇರ್ ಸರಿಯಾಗಿ ಕಾಣ್ತಿಲ್ವಾ? ಮಷಿನ್ ಗುಜರಿಗೆ ಹಾಕೋ ಮುಂಚೆ ಇದನ್ನು ಓದಿ

ಕಾಲೇಜಿನ ಲ್ಯಾಬ್‌ಗೆ ಹೊಸ ಕಂಪ್ಯೂಟರ್ ಬಂದಿದೆ. ಸ್ಪೀಡ್ ಇದೆ, ಸ್ಕ್ರೀನೂ ದೊಡ್ಡದು. ಆದರೆ ಹದಿನೈದು ವರ್ಷದಿಂದ ಓಡುತ್ತಿದ್ದ ಸಾಫ್ಟ್‌ವೇರ್ ಹಾಕಿ ನೋಡಿದರೆ ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವೆ, ಬಟನ್‌ಗಳು ಅರ್ಧಕ್ಕೇ ಕಟ್ ಆಗಿವೆ, ಗ್ರಾಫ್ ಪೂರ್ತಿ ಕೆಂಪು. ಕೆಲವು ಸಲ ತೆರೆಯೋದೇ ಇಲ್ಲ. ವಿಚಾರಿಸಿದರೆ 'ಅದು ಹಳೇದಾಯ್ತು ಸಾರ್, ಹೊಸದು ತಗೊಳ್ಳಿ' ಅನ್ನೋ ಉತ್ತರ. ಹೊಸ ಸಾಫ್ಟ್‌ವೇರ್ ಅಂದ್ರೆ ಎಷ್ಟೋ ಸಲ ಅದರ ಜೊತೆಗಿನ ಉಪಕರಣವನ್ನೂ ಬದಲಿಸಬೇಕು. ಅದಕ್ಕೆ ಲಕ್ಷಗಟ್ಟಲೆ ದುಡ್ಡು ಬೇಕು.

ಆದರೆ ಉಪಕರಣ ಕೆಟ್ಟಿಲ್ಲ, ಡೇಟಾನೂ ಹಾಳಾಗಿಲ್ಲ. ಇಂಥ ಬಹಳಷ್ಟು ಕಡೆ ಕೈಕೊಟ್ಟಿರುವುದು ಸಾಫ್ಟ್‌ವೇರ್ ಮತ್ತು ಸ್ಕ್ರೀನ್ ನಡುವಿನ ಹೊಂದಾಣಿಕೆ ಮಾತ್ರ. ಅದನ್ನು ಖರ್ಚಿಲ್ಲದೆ ಸರಿಮಾಡುವ ದಾರಿಗಳಿವೆ.

ಈಗಲೇ ಯಾಕೆ ಈ ತಲೆನೋವು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿದಿದೆ. ಹಾಗಾಗಿ ಹಳೇ ಯಂತ್ರ ತೆಗೆದು ವಿಂಡೋಸ್ 11 ಇರುವ ಕಂಪ್ಯೂಟರ್ ತರುವವರು ಹೆಚ್ಚಾಗಿದ್ದಾರೆ. ವಿಂಡೋಸ್ 11 ಬರುವುದು 64-ಬಿಟ್‌ನಲ್ಲಿ ಮಾತ್ರ. 64-ಬಿಟ್ ವಿಂಡೋಸ್‌ನಲ್ಲಿ 16-ಬಿಟ್ ಕಾಲದ ಪ್ರೋಗ್ರಾಂಗಳು ಓಡುವುದಿಲ್ಲ. ಟರ್ಬೋ ಸಿ ಬಳಸಿದ ವಿದ್ಯಾರ್ಥಿಗಳಿಗೆ ಇದು ಗೊತ್ತಿರುವ ಸಂಗತಿಯೇ. ಅದಕ್ಕೇ ಅವರು ಡಾಸ್‌ಬಾಕ್ಸ್ ಹಾಕಿಕೊಂಡು ಅದರೊಳಗೆ ಟರ್ಬೋ ಸಿ ತೆರೆಯುತ್ತಾರೆ.

ಗಮನಿಸಿ: ಕೆಲವು ಹಳೇ ಸಾಫ್ಟ್‌ವೇರ್‌ಗಳು 32-ಬಿಟ್‌ನವೇ ಆಗಿದ್ದರೂ ಅವುಗಳ ಸೆಟಪ್ ಫೈಲ್ ಮಾತ್ರ 16-ಬಿಟ್ ಇರುತ್ತದೆ. ಹಾಗಾಗಿ ಇನ್‌ಸ್ಟಾಲ್ ಆಗಲಿಲ್ಲ ಎಂದ ಮಾತ್ರಕ್ಕೆ ಸಾಫ್ಟ್‌ವೇರೇ ಓಡಲ್ಲ ಅಂತ ತೀರ್ಮಾನ ಮಾಡಬೇಡಿ.

ಅಕ್ಷರ ಚಿಕ್ಕದಾಗೋದು ಯಾಕೆ?

ಹಳೇ ಪ್ರೋಗ್ರಾಂ ಬರೆದವರ ಮುಂದೆ ಇದ್ದದ್ದು 640x480 ಚುಕ್ಕಿಗಳ, ಅಂದ್ರೆ ಪಿಕ್ಸೆಲ್‌ಗಳ ಸ್ಕ್ರೀನ್. ಇಂದಿನ 4ಕೆ ಸ್ಕ್ರೀನ್‌ನಲ್ಲಿ 3840x2160 ಪಿಕ್ಸೆಲ್. ಲೆಕ್ಕ ಹಾಕಿದರೆ ಸರಿಯಾಗಿ 27 ಪಟ್ಟು. ಅಂದು ಇಡೀ ಸ್ಕ್ರೀನ್ ತುಂಬುತ್ತಿದ್ದ ಕಿಟಕಿ ಇಂದು 27ರಲ್ಲಿ ಒಂದು ಭಾಗದಷ್ಟು ಜಾಗದಲ್ಲಿ ಕೂರುತ್ತದೆ. ವಿಂಡೋಸ್ ಅದನ್ನು ಹಿಗ್ಗಿಸಲು ಹೋದಾಗ ಕೆಲವೊಮ್ಮೆ ಅಕ್ಷರ ಮಾತ್ರ ದೊಡ್ಡದಾಗಿ, ಬಟನ್ ಚಿಕ್ಕದಾಗೇ ಉಳಿದು ಎಲ್ಲ ಅಸ್ತವ್ಯಸ್ತ ಆಗುತ್ತದೆ.

ಗ್ರಾಫ್ ಕೆಂಪಾಗೋದು ಯಾಕೆ?

ಇದಕ್ಕೆ ಒಳ್ಳೇ ಉದಾಹರಣೆ ಐಡಿಎಲ್. 1977ರಲ್ಲಿ ಶುರುವಾದ ಈ ಸಾಫ್ಟ್‌ವೇರನ್ನು ಖಗೋಳ ವಿಜ್ಞಾನಿಗಳು ದಶಕಗಳಿಂದ ಬಳಸುತ್ತಿದ್ದಾರೆ. ಸೂರ್ಯನ ಅಧ್ಯಯನಕ್ಕೆ 1995ರಲ್ಲಿ ಹಾರಿಬಿಟ್ಟ ಸೋಹೋ ನೌಕೆಯ ಡೇಟಾ ನೋಡಲು ಬಳಸುವ ಸೋಲಾರ್‌ಸಾಫ್ಟ್ ಕೂಡ ಐಡಿಎಲ್‌ನಲ್ಲೇ ಬರೆದದ್ದು.

ಪೇಂಟ್ ಅಂಗಡಿಯ ಶೇಡ್ ಕಾರ್ಡ್ ನೆನಪಿಸಿಕೊಳ್ಳಿ. ನಾವು '200ನೇ ನಂಬರ್ ಕೊಡಿ' ಅಂತೀವಿ, ಅಂಗಡಿಯವನು ಕಾರ್ಡ್ ನೋಡಿ ಬಣ್ಣ ಕೊಡ್ತಾನೆ. ಹಳೇ 8-ಬಿಟ್ ಸ್ಕ್ರೀನ್‌ಗಳು ಹೀಗೇ ಕೆಲಸ ಮಾಡುತ್ತಿದ್ದವು. ಒಟ್ಟು 256 ನಂಬರ್, ಪ್ರತಿ ನಂಬರಿಗೂ ಒಂದು ಬಣ್ಣ.

ಈಗಿನ 24-ಬಿಟ್ ಸ್ಕ್ರೀನ್‌ಗೆ ಕಾರ್ಡ್ ಇಲ್ಲ. ಪ್ರತಿ ಚುಕ್ಕಿಗೂ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಅಂತ ನೇರವಾಗಿ ಹೇಳಬೇಕು. ಹಾಗೆ ಸುಮಾರು 1 ಕೋಟಿ 67 ಲಕ್ಷ ಬಣ್ಣ ಸಿಗುತ್ತವೆ. ಹಳೇ ಐಡಿಎಲ್ ಪ್ರೋಗ್ರಾಂ ಅಭ್ಯಾಸಬಲದಂತೆ '200' ಅಂದಾಗ ಹೊಸ ವ್ಯವಸ್ಥೆ ಅದನ್ನು 'ಕೆಂಪು 200, ಹಸಿರು 0, ನೀಲಿ 0' ಅಂತ ಅರ್ಥ ಮಾಡಿಕೊಳ್ಳುತ್ತದೆ. 0ಯಿಂದ 255ರವರೆಗೆ ಯಾವ ಸಂಖ್ಯೆ ಕೊಟ್ಟರೂ ಕಪ್ಪಿನಿಂದ ಕೆಂಪಿನವರೆಗಿನ ಛಾಯೆಗಳೇ.

ಇದು ಬರೀ ಅಂದಚೆಂದದ ಮಾತಲ್ಲ. ಫೈಲ್‌ನಲ್ಲಿರುವ ಅಂಕಿ ಬದಲಾಗುವುದಿಲ್ಲ, ನಿಜ. ಆದರೆ ನೀಲಿ ಗೆರೆ ಒಂದು ಸ್ಯಾಂಪಲ್, ಹಳದಿ ಗೆರೆ ಇನ್ನೊಂದು ಎಂದು ನೋಡಿ ಬರೆಯುವ ವಿದ್ಯಾರ್ಥಿಗೆ ಎರಡೂ ಕೆಂಪಾಗಿ ಕಂಡರೆ? ತಪ್ಪು ಗೆರೆಯ ರೀಡಿಂಗ್ ರೆಕಾರ್ಡ್ ಬುಕ್ ಸೇರುತ್ತದೆ.

ಹಾಗಾದ್ರೆ ಏನ್ ಮಾಡ್ಬೇಕು?

1. ವಿಂಡೋಸ್‌ನಲ್ಲಿ ಅಕ್ಷರ ಚಿಕ್ಕದಾದರೆ: ಸಾಫ್ಟ್‌ವೇರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಕಂಪ್ಯಾಟಿಬಿಲಿಟಿ ಟ್ಯಾಬ್ ತೆರೆಯಿರಿ. ಅಲ್ಲಿ 'ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್' ಒತ್ತಿ. ಕೆಳಗಿನ 'ಓವರ್‌ರೈಡ್' ಬಾಕ್ಸ್‌ಗೆ ಟಿಕ್ ಹಾಕಿ 'ಸಿಸ್ಟಮ್' ಆರಿಸಿ. ಅಕ್ಷರ ಸ್ವಲ್ಪ ಮಸುಕಾದರೂ ಎಲ್ಲವೂ ಒಂದೇ ಅಳತೆಯಲ್ಲಿ ದೊಡ್ಡದಾಗುತ್ತದೆ.

2. ಬಣ್ಣ ಕೆಟ್ಟರೆ: ಅದೇ ಟ್ಯಾಬ್‌ನಲ್ಲಿ 'ರೆಡ್ಯೂಸ್ಡ್ ಕಲರ್ ಮೋಡ್' ಇದೆ, 8-ಬಿಟ್ ಆರಿಸಿ ನೋಡಿ. 640x480ರಲ್ಲಿ ಓಡಿಸುವ ಆಯ್ಕೆಯೂ ಅಲ್ಲೇ ಇದೆ.

3. ಐಡಿಎಲ್ ಬಳಸುವವರು: 'ಡಿವೈಸ್, ಡಿಕಂಪೋಸ್ಡ್=0' ಎಂಬ ಒಂದು ಸಾಲಿನ ಆದೇಶ ಕೊಟ್ಟರೆ ಅದು ಮತ್ತೆ ಶೇಡ್ ಕಾರ್ಡ್ ನೋಡಲು ಶುರು ಮಾಡುತ್ತದೆ. ಬೇರೆ ಕಿಟಕಿ ಮೇಲೆ ಬಂದು ಹೋದ ತಕ್ಷಣ ಚಿತ್ರ ಅಳಿಸಿಹೋಗುತ್ತಿದ್ದರೆ 'ರಿಟೇನ್=2' ಕೂಡ ಸೇರಿಸಿ. ಎರಡನ್ನೂ ಸ್ಟಾರ್ಟಪ್ ಫೈಲ್‌ನಲ್ಲಿ ಬರೆದಿಟ್ಟರೆ ದಿನಾ ಟೈಪ್ ಮಾಡುವ ಕೆಲಸ ಇಲ್ಲ.

4. ಲಿನಕ್ಸ್‌ನಲ್ಲಿ 8-ಬಿಟ್ ಸ್ಕ್ರೀನ್ ಇಲ್ಲದೆ ತೆರೆಯೋದೇ ಇಲ್ಲ ಅನ್ನುವ ಪ್ರೋಗ್ರಾಂ ಇದ್ದರೆ: ಜೆಫೈರ್ ಎಂಬ ಉಚಿತ ಸಾಧನವಿದೆ. ಇದು ಹೊಸ ಸ್ಕ್ರೀನ್ ಒಳಗೇ 8-ಬಿಟ್‌ನ ಇನ್ನೊಂದು ಪುಟ್ಟ ಸ್ಕ್ರೀನ್ ತೆರೆದುಕೊಡುತ್ತದೆ.

5. ಯಾವುದೂ ಆಗದಿದ್ದರೆ: ವರ್ಚುವಲ್‌ಬಾಕ್ಸ್‌ನಂಥ ಸಾಧನದಲ್ಲಿ, ನಿಮ್ಮ ಬಳಿ ಲೈಸೆನ್ಸ್ ಇರುವ ಹಳೇ ವಿಂಡೋಸ್ ಹಾಕಿ ಅದರೊಳಗೆ ಸಾಫ್ಟ್‌ವೇರ್ ಓಡಿಸಬಹುದು. ಆದರೆ ಒಂದು ಮಿತಿ ಇದೆ. ಉಪಕರಣ ಯುಎಸ್‌ಬಿ ಅಥವಾ ಸೀರಿಯಲ್ ಪೋರ್ಟ್ ಮೂಲಕ ಜೋಡಣೆಯಾಗಿದ್ದರೆ ಪ್ರಯತ್ನಿಸಬಹುದು. ಸಿಪಿಯು ಡಬ್ಬದೊಳಗಿನ ಹಳೇ ಐಎಸ್ಎ ಕಾರ್ಡ್ ಮೂಲಕ ಇದ್ದರೆ ಈ ಉಪಾಯ ನಡೆಯಲ್ಲ. ಆಗ ಹಳೇ ಕಂಪ್ಯೂಟರನ್ನೇ ಉಳಿಸಿಕೊಳ್ಳಿ. ಅದಕ್ಕೆ ಇಂಟರ್‌ನೆಟ್ ಮಾತ್ರ ಕೊಡಬೇಡಿ. ವಿಂಡೋಸ್ ಎಕ್ಸ್‌ಪಿಗೆ ಭದ್ರತಾ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿದೆ.

ಹಳೇ ಕಂಪ್ಯೂಟರ್ ಹೊರಗೆ ಕಳಿಸುವ ಮುನ್ನ

ಈ ಸಮಸ್ಯೆಯಲ್ಲಿ ನಿಜವಾದ ನಷ್ಟ ಆಗುವುದು ಹೊಸ ಕಂಪ್ಯೂಟರ್ ಬಂದ ದಿನ ಅಲ್ಲ, ಹಳೇದು ಇ-ವೇಸ್ಟ್ ಗಾಡಿ ಹತ್ತಿದ ದಿನ. ಆದ್ದರಿಂದ ಮೊದಲು ಇಷ್ಟು ಮಾಡಿ: ಇನ್‌ಸ್ಟಾಲ್ ಸಿಡಿ, ಲೈಸೆನ್ಸ್ ಡಾಂಗಲ್, ಡ್ರೈವರ್ ಮತ್ತು ಕ್ಯಾಲಿಬ್ರೇಷನ್ ಫೈಲ್‌ಗಳನ್ನು ಒಂದೆಡೆ ಜೋಡಿಸಿಡಿ. ಇಡೀ ಹಾರ್ಡ್ ಡಿಸ್ಕ್‌ನ ಇಮೇಜ್ ಕಾಪಿ ಮಾಡಿಸಿ. ಹಳೇ ಡೇಟಾವನ್ನು ಸಾದಾ ಟೆಕ್ಸ್ಟ್ ಅಥವಾ ಸಿಎಸ್‌ವಿ ಫೈಲ್ ಆಗಿ ಉಳಿಸಿ. ಆಮೇಲೆ ಹೊಸದರಲ್ಲಿ ಒಂದು ಹಳೇ ಫೈಲ್ ತೆರೆದು, ಎರಡೂ ಸ್ಕ್ರೀನ್‌ನ ಗ್ರಾಫ್ ಪಕ್ಕಪಕ್ಕ ಇಟ್ಟು ಹೋಲಿಸಿ.

ಎರಡೂ ಒಂದೇ ಥರ ಕಂಡ್ರೆ ಮಾತ್ರ ಹಳೇದಕ್ಕೆ ಬೀಳ್ಕೊಡುಗೆ. ಅಲ್ಲಿವರೆಗೆ ಅದು ಲ್ಯಾಬಿನ ಮೂಲೆಯಲ್ಲಿ ಇರಲಿ ಬಿಡಿ.