ಮುಳುಗಿದ ಅಂಚೆಮನೆ

ಟೈಟಾನಿಕ್ ಹೆಸರಿನ ಮುಂದೆ ಆರ್‌ಎಂಎಸ್ ಎಂಬ ಮೂರಕ್ಷರ ಅಂಟಿಕೊಂಡಿರುವುದನ್ನು ಸಿನಿಮಾವನ್ನು ಮೂರು ಸಲ ನೋಡಿದವರೂ ಗಮನಿಸಿರಲಿಕ್ಕಿಲ್ಲ. ರಾಯಲ್ ಮೇಲ್ ಷಿಪ್, ಅಂದರೆ ದೊರೆಯ ಟಪಾಲು ಹೊರುವ ಹಡಗು. ಸಿರಿವಂತರ ಊಟದ ಮನೆ, ಈಜುಕೊಳ ಎಲ್ಲ ಇದ್ದ ಆ ಹಡಗಿನ ಹೊಟ್ಟೆಯೊಳಗೆ ಒಂದು ಅಂಚೆಕಚೇರಿಯೂ ಇತ್ತು. ಮೂವರು ಅಮೆರಿಕದ, ಇಬ್ಬರು ಬ್ರಿಟನ್ನಿನ ಗುಮಾಸ್ತರು ಅಲ್ಲಿ ಕೂತು ಕಾಗದ ವಿಂಗಡಿಸುತ್ತಿದ್ದರು. ಟಪಾಲು ಚೀಲಗಳೇ ಮೂರು ಸಾವಿರ ದಾಟಿದ್ದವು. ಟೈಟಾನಿಕ್ ಅಂಚೆಚೀಟಿ ಕೂಡಿಸುವವರ ಹವ್ಯಾಸಕ್ಕೆ ಒಂದು ವಿಶೇಷ ಘನತೆ ಬಂದಿರುವುದು ಇದರಿಂದ. ಚೀಟಿಯಲ್ಲಿ ಚಿತ್ರವಾಗಿರುವ ಹಡಗೇ ಚೀಟಿ ಹಚ್ಚಿದ ಕಾಗದಗಳನ್ನು ಹೊತ್ತು ಮುಳುಗಿತ್ತು.

ಶುರು ಮಾಡುವುದೇನೂ ಕಷ್ಟವಲ್ಲ. ದುರಂತಕ್ಕೆ ನೂರು ತುಂಬಿದ 2012ರಲ್ಲಿ ಹಲವು ದೇಶಗಳು ಚೀಟಿ ಹೊರಡಿಸಿದವು. ಕೆನಡಾದ ಚೀಟಿಗೆ ನಿಜವಾದ ಹಕ್ಕಿದೆ. ಶವಗಳನ್ನು ಹುಡುಕಲು ಹೊರಟ ಮ್ಯಾಕೆ-ಬೆನೆಟ್ ಎಂಬ ಕೇಬಲ್ ಹಡಗು ಹೋದದ್ದು ಅಲ್ಲಿನ ಹ್ಯಾಲಿಫ್ಯಾಕ್ಸ್ ಬಂದರಿನಿಂದ. ಸತ್ತವರಲ್ಲಿ 150 ಮಂದಿ ಆ ಊರಿನ ಮಣ್ಣಿನಲ್ಲೇ ಇದ್ದಾರೆ. ಐರ್ಲೆಂಡಿಗೂ ಹಕ್ಕಿದೆ, ಹಡಗು ಕೊನೆಯದಾಗಿ ನಿಂತ ಬಂದರು ಅಲ್ಲಿನದು. ಅಮೆರಿಕದ 33 ಸೆಂಟಿನ ಚೀಟಿ ಸ್ಮರಿಸುವುದು 1997ರ ಸಿನಿಮಾವನ್ನು. ಅದು ಈ ಆಲ್ಬಮ್ಮಿಗೆ ಸೇರಬೇಕೇ ಬೇಡವೇ ಎಂದು ಹವ್ಯಾಸಿಗಳು ಜಗಳವಾಡುವುದುಂಟು. ಸೇರಿಸಬಹುದು, ಕೊನೆಯ ಪುಟದಲ್ಲಿ. ಇನ್ನು ಕಡಲಿನ ಗಾಳಿಯೂ ಸೋಕದ ದೇಶಗಳ ಹೆಸರಲ್ಲಿ ಬರುವ ಥಳಕಿನ ಹಾಳೆಗಳಿವೆ. ಅವುಗಳಲ್ಲಿ ಕೆಲವನ್ನು ಆಯಾ ದೇಶದ ಅಂಚೆ ಇಲಾಖೆ ಕಣ್ಣಿಂದಲೂ ಕಂಡಿರುವುದಿಲ್ಲ. ಕೊಳ್ಳುವ ಮೊದಲು ಸ್ಟ್ಯಾನ್ಲಿ ಗಿಬನ್ಸ್, ಸ್ಕಾಟ್ ಅಥವಾ ಮಿಶೆಲ್ ಕ್ಯಾಟಲಾಗಿನಲ್ಲಿ ನಮೂದಾಗಿದೆಯೇ ನೋಡಬೇಕು. ಬೇಡ ಎನ್ನಲು ಕಲಿಯುವುದೇ ಈ ವಿದ್ಯೆಯ ಅರ್ಧ ಭಾಗ.

ಉಳಿದ ಅರ್ಧ ಭೂತಗನ್ನಡಿಯದು. ಹಡಗಿನ ನಾಲ್ಕು ಹೊಗೆಕೊಳವೆಗಳಲ್ಲಿ ಬಾಯ್ಲರಿನ ಹೊಗೆ ಬರುತ್ತಿದ್ದದ್ದು ಮೂರರಲ್ಲಿ. ನಾಲ್ಕನೆಯದು ಮುಖ್ಯವಾಗಿ ಗಾಳಿಯಾಡಲು, ನೋಟಕ್ಕೆ ಗತ್ತು ಕೊಡಲು. ನಾಲ್ಕರಿಂದಲೂ ಕರಿಮೋಡ ಉಗುಳಿಸಿದ್ದರೆ ಕಲಾವಿದ ಅವಸರಪಟ್ಟಿದ್ದಾನೆ ಎಂದರ್ಥ. ಇನ್ನೂ ಸೂಕ್ಷ್ಮವಾದ ಪರೀಕ್ಷೆ ಅವಳಿ ಹಡಗಿನದು. ಒಂದು ವರ್ಷ ಮೊದಲು ಓಡಾಟ ಶುರು ಮಾಡಿದ ಒಲಿಂಪಿಕ್ ಹೆಚ್ಚುಕಡಿಮೆ ಟೈಟಾನಿಕ್ಕಿನ ಪಡಿಯಚ್ಚು, ಅದರ ಫೋಟೋಗಳೂ ಹೇರಳ. ಆದ್ದರಿಂದ ಒಂದರ ಬದಲು ಇನ್ನೊಂದು ಅಚ್ಚಾಗುವುದು ಸುಲಭ. ಮೇಲಿನ ಅಡ್ಡಾಡುವ ಪಡಸಾಲೆಯ ಮುಂಭಾಗಕ್ಕೆ ಕಿಟಕಿ ಮುಚ್ಚಿದ್ದರೆ ಟೈಟಾನಿಕ್, ಪೂರ್ತಿ ಬಯಲಾಗಿದ್ದರೆ ಒಲಿಂಪಿಕ್. ಹೆಬ್ಬೆರಳಗಲದ ಕಾಗದದ ಮೇಲೆ ಇದನ್ನು ಪತ್ತೆಹಚ್ಚಿದ ದಿನ ಊಟ ಸೇರುವುದಿಲ್ಲ, ಅಷ್ಟು ಖುಷಿ!

ಕೈಕೆಲಸದ ಬಗ್ಗೆ ಎರಡು ಮಾತು. ಚೀಟಿಯನ್ನು ಬೆರಳಿಂದ ಮುಟ್ಟಬೇಡಿ, ಚಿಮಟವಿರಲಿ. ಈಚಿನ ಸ್ಟಿಕ್ಕರ್ ಮಾದರಿಯ ಚೀಟಿಗಳನ್ನು ಹಳೆಯ ಅಭ್ಯಾಸದಂತೆ ನೀರಿಗೆ ಹಾಕಿದರೆ ಎಷ್ಟೋ ಸಲ ಬಿಡುವುದೇ ಇಲ್ಲ. ಲಕೋಟೆಯ ಕಾಗದವನ್ನು ಸುತ್ತ ಒಂದಿಷ್ಟು ಉಳಿಸಿ ಕತ್ತರಿಸಿಟ್ಟುಕೊಳ್ಳುವುದು ಮೇಲು. ಪ್ರದರ್ಶನದ ಒಂದು ಚೌಕಟ್ಟಿಗೆ ಸಾಮಾನ್ಯವಾಗಿ 16 ಹಾಳೆ. ಬೆಲ್‌ಫಾಸ್ಟಿನ ಹಡಗುಕಟ್ಟೆಯಿಂದ ಹಿಡಿದು 1985ರಲ್ಲಿ ಸುಮಾರು 3,800 ಮೀಟರ್ ಆಳದಲ್ಲಿ ಅವಶೇಷ ಸಿಕ್ಕಿದ ತನಕ, ಎಲ್ಲವನ್ನೂ ಅಷ್ಟರಲ್ಲೇ ಹೇಳಿ ಮುಗಿಸಬೇಕು.

ನನ್ನ ಲೆಕ್ಕದಲ್ಲಿ ಆ ಹದಿನಾರರಲ್ಲಿ ಹಿರಿಯದು ಹಡಗಿನ ಚಿತ್ರವೇ ಇಲ್ಲದ ಹಾಳೆ. ಐದನೇ ಜಾರ್ಜ್ ದೊರೆಯ ಮುಖವಿರುವ ಕೆಂಪು ಒಂದು ಪೆನ್ನಿಯ ಚೀಟಿ ಅದರಲ್ಲಿರಬೇಕು. 1912ರಲ್ಲಿ ಬ್ರಿಟನ್ನಿನಿಂದ ಅಮೆರಿಕಕ್ಕೆ ಒಂದು ಸಾಮಾನ್ಯ ಕಾಗದ ಕಳಿಸಲು ಬೇಕಾದದ್ದು ಒಂದೇ ಪೆನ್ನಿ. ಅಂಥ ಚೀಟಿ ಇವತ್ತಿಗೂ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಕೈಗೆಟುಕದ್ದು ಹಡಗಿನೊಳಗೇ ಬರೆದು, ‘ಟ್ರಾನ್ಸ್‌ಅಟ್ಲಾಂಟಿಕ್ ಪೋಸ್ಟ್ ಆಫೀಸ್ 7’ ಎಂಬ ಮುದ್ರೆ ಬಿದ್ದು, ಏಪ್ರಿಲ್ 11ರಂದು ಐರ್ಲೆಂಡಿನ ಕ್ವೀನ್ಸ್‌ಟೌನಿನಲ್ಲಿ ಇಳಿದ ಕಾಗದ. ಇಳಿದದ್ದರಿಂದ ಅದು ಉಳಿಯಿತು. ಈಗ ಹರಾಜಿಗೆ ಬಂದರೆ ದೊಡ್ಡ ಕುಳಗಳ ಪಾಲು.

ಹಿಮಗಡ್ಡೆ ತಾಗಿದ ಮೇಲೆ ನೀರು ಬೇಗನೆ ನುಗ್ಗಿದ ಜಾಗಗಳಲ್ಲಿ ಟಪಾಲು ಕೋಣೆಯೂ ಒಂದು. ಗುಮಾಸ್ತರು ಮೊಣಕಾಲು ನೀರಿನಲ್ಲಿ ರಿಜಿಸ್ಟರ್ಡ್ ಚೀಲಗಳನ್ನು ಮೇಲಿನ ಅಂತಸ್ತಿಗೆ ಎಳೆಯುತ್ತಿದ್ದುದನ್ನು ಬದುಕುಳಿದವರು ನೆನೆದಿದ್ದಾರೆ. ಐವರಲ್ಲಿ ಒಬ್ಬರೂ ಉಳಿಯಲಿಲ್ಲ. ಜಾನ್ ಮಾರ್ಚ್, ಆಸ್ಕರ್ ವುಡಿ, ವಿಲಿಯಂ ಗ್ವಿನ್, ಜೇಮ್ಸ್ ವಿಲಿಯಮ್ಸನ್, ಜಾನ್ ಜಾಗೊ ಸ್ಮಿತ್. ಈ ಸಂಗ್ರಹಕ್ಕೆ ಕೈಹಾಕುವವರು ಕ್ಯಾಪ್ಟನ್ನನ ಚಿತ್ರವಿರುವ ಚೀಟಿ ಹುಡುಕುವ ಮೊದಲು, ಪೆನ್ನಿ ಚೀಟಿಯ ಕೆಳಗೆ ಈ ಐದು ಹೆಸರುಗಳನ್ನು ಬರೆದುಕೊಳ್ಳಿ.