ಕಾಲ್ಚೆಂಡಾಟದಲ್ಲಿ ಗುಂಪಿನ ಪಂದ್ಯಗಳು

ನಮ್ಮ ಶಾಲೆಯ ಬಾಲಿಕೆಯರಲ್ಲಿ ಆಟದ ಸುದ್ದಿಯನ್ನು ಆಸಕ್ತಿಯಿಂದ ಓದುವವರು ಈಗ ಅನೇಕರಿದ್ದಾರೆ. ಯಾವ ತಂಡವು ಗೆದ್ದಿತು, ಯಾವದು ಸೋತಿತು ಎಂಬದನ್ನು ಅವರು ಥಟ್ಟನೆ ಹೇಳಬಲ್ಲರು. ಆದರೆ ಒಂದು ಪಂದ್ಯವನ್ನು ಸೋತ ತಂಡವು ಮೂರು ದಿನಗಳ ಮೇಲೆ ಮತ್ತೆ ಆಡುವದೇಕೆ, ಸಮಸಮನಾಗಿ ಆಡಿದ ಎರಡು ತಂಡಗಳಲ್ಲಿ ಒಂದು ಮೇಲೆಯೂ ಇನ್ನೊಂದು ಕೆಳಗೂ ನಿಲ್ಲುವದೇಕೆ ಎಂದು ಕೇಳಿದರೆ ಉತ್ತರ ಕೊಡುವವರು ವಿರಳ. ಆದುದರಿಂದ ಗುಂಪಿನ ಪಂದ್ಯಗಳ ಕ್ರಮವನ್ನು ಸರಳವಾಗಿ ವಿವರಿಸಿ, ನಮ್ಮ ಹೆಣ್ಣುಮಕ್ಕಳ ಆಟಕ್ಕೆ ಅದರಿಂದ ಆಗಬಹುದಾದ ಪ್ರಯೋಜನವನ್ನು ಹಳೆಯ ವಿದ್ಯಾರ್ಥಿನಿಯರಿಗೂ ತಂದೆತಾಯಿಗಳಿಗೂ ತಿಳಿಸಬೇಕೆಂಬದೇ ಈ ಲೇಖನದ ಉದ್ದೇಶವು. ಉದಾಹರಣೆಗಳನ್ನು ಹೆಚ್ಚಾಗಿ ಅರಬ ರಾಷ್ಟ್ರಗಳ ಪಂದ್ಯಗಳಿಂದ ಆರಿಸಿಕೊಂಡಿದ್ದೇನೆ. ಈ ಕ್ರಮದ ಗುಣದೋಷಗಳೆರಡೂ ಆ ರಾಷ್ಟ್ರಗಳ ಆಟದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಅಲ್ಲದೆ ಅವುಗಳಲ್ಲಿ ಎರಡು ತಂಡಗಳು ನಮ್ಮ ಬೆಂಗಳೂರಿಗೇ ಬಂದು ಆಡಿದ್ದುಂಟು.

ಅನೇಕ ತಂಡಗಳು ಕೂಡಿದಲ್ಲಿ ಪಂದ್ಯಗಳನ್ನು ಎರಡು ಬಗೆಯಾಗಿ ನಡಿಸಬಹುದು. ಮೊದಲನೆಯದು, ಸೋತವರು ಹೊರಗೆ ಹೋಗುವ ಕ್ರಮ. ಎಂಟು ತಂಡಗಳು ಬಂದಿದ್ದರೆ ಮೊದಲು ನಾಲ್ಕು ಪಂದ್ಯಗಳು, ಬಳಿಕ ಎರಡು, ಕಡೆಗೆ ಒಂದು, ಹೀಗೆ ೭ ಪಂದ್ಯಗಳಲ್ಲಿ ಎಲ್ಲವೂ ಮುಗಿಯುವದು. ಖರ್ಚು ಕಡಿಮೆ, ವೇಳೆಯೂ ಕಡಿಮೆ. ಆದರೆ ಬಂದ ಎಂಟರಲ್ಲಿ ನಾಲ್ಕು ತಂಡಗಳು ಒಂದೊಂದೇ ಪಂದ್ಯವಾಡಿ ಗಂಟುಮೂಟೆ ಕಟ್ಟಬೇಕಾಗುವದು. ಎರಡನೆಯದೇ ಗುಂಪಿನ ಕ್ರಮ. ಅದೇ ಎಂಟು ತಂಡಗಳನ್ನು ನಾಲ್ಕು ನಾಲ್ಕರಂತೆ ಎರಡು ಗುಂಪು ಮಾಡಿ, ಒಂದು ಗುಂಪಿನೊಳಗೆ ಪ್ರತಿಯೊಂದು ತಂಡವೂ ಉಳಿದ ಮೂರರೊಡನೆ ಆಡುವಂತೆ ಏರ್ಪಡಿಸುವರು. ಗುಂಪಿಗೆ ೬ರಂತೆ ೧೨ ಪಂದ್ಯಗಳಾಗುವವು. ಒಂದೊಂದು ಗುಂಪಿನಿಂದ ಮೊದಲ ಎರಡು ತಂಡಗಳು ಮುಂದಕ್ಕೆ ಹೋಗಿ, ಉಪಾಂತ್ಯದ ಎರಡು ಪಂದ್ಯಗಳೂ ಅಂತಿಮ ಪಂದ್ಯವೂ ಸೇರಿದರೆ ಒಟ್ಟು ೧೫. ಶ್ರಮವು ಇಮ್ಮಡಿಯಾದರೂ ಇಲ್ಲಿ ಯಾವ ತಂಡವೂ ಮೂರು ಪಂದ್ಯಗಳಿಗಿಂತ ಕಡಿಮೆ ಆಡಿ ಹಿಂದಿರುಗುವದಿಲ್ಲ.

ಲೆಕ್ಕವನ್ನು ನಮ್ಮ ಸೀಮೆಯ ಹೆಸರುಗಳಿಂದಲೇ ನೋಡೋಣ. ಇದು ಕೇವಲ ಕಲ್ಪಿತ ಉದಾಹರಣೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಊರುಗಳ ತಂಡಗಳು ಒಂದು ಗುಂಪಿನಲ್ಲಿವೆಯೆಂದು ತಿಳಿಯಿರಿ. ಗೆದ್ದವರಿಗೆ ೩ ಅಂಕಗಳು, ಪಂದ್ಯ ಸಮವಾದರೆ ಇಬ್ಬರಿಗೂ ೧, ಸೋತವರಿಗೆ ಸೊನ್ನೆ. ಸಿಂಧನೂರಿನವರು ಮಸ್ಕಿಯವರನ್ನು ೨–೦ ಗೋಲುಗಳಿಂದ ಸೋಲಿಸಿದರು. ಮಸ್ಕಿಯವರು ಲಿಂಗಸುಗೂರಿನವರನ್ನು ೧–೦ ಗೋಲಿನಿಂದ ಸೋಲಿಸಿದರು. ಲಿಂಗಸುಗೂರಿನವರು ಸಿಂಧನೂರಿನವರನ್ನು ೩–೨ ಗೋಲುಗಳಿಂದ ಸೋಲಿಸಿದರು. ಈಗ ಮೂವರಿಗೂ ಮೂರು ಮೂರು ಅಂಕಗಳು. ಆಗ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆಯಬೇಕು. ಸಿಂಧನೂರಿನವರು ೪ ಹೊಡೆದು ೩ ಬಿಟ್ಟುಕೊಟ್ಟರು, ಒಂದು ಹೆಚ್ಚು. ಲಿಂಗಸುಗೂರಿನವರು ೩ ಹೊಡೆದು ೩ ಬಿಟ್ಟುಕೊಟ್ಟರು, ಸರಿಸಮ. ಮಸ್ಕಿಯವರು ೧ ಹೊಡೆದು ೨ ಬಿಟ್ಟುಕೊಟ್ಟರು, ಒಂದು ಕಡಿಮೆ. ಆದುದರಿಂದ ಮಸ್ಕಿಗೆ ಕೊನೆಯ ಸ್ಥಾನ. ಮಸ್ಕಿಯವರು ತಾವು ಗೆದ್ದ ಪಂದ್ಯದಲ್ಲಿ ಗೆದ್ದೆವೆಂದು ಸುಮ್ಮನಾಗದೆ ಇನ್ನೆರಡು ಗೋಲು ಹೊಡೆದಿದ್ದರೆ ಕೊನೆಯ ಸ್ಥಾನವು ಲಿಂಗಸುಗೂರಿನ ಪಾಲಾಗುತ್ತಿತ್ತು. ಗುಂಪಿನ ಪಂದ್ಯದಲ್ಲಿ ಗೆದ್ದ ಮೇಲೆಯೂ ಆಡುವ ಕೆಲಸ ಉಳಿದಿರುವದೆಂಬದಕ್ಕೆ ಇದೇ ನಿದರ್ಶನವು.

ಗೆಲವಿಗೆ ಮೊದಲು ಎರಡೇ ಅಂಕಗಳಿದ್ದವು. ಹಾಗಿದ್ದಾಗ ಎರಡು ಸಮದ ಪಂದ್ಯಗಳು ಒಂದು ಗೆಲವಿಗೆ ಸಮವಾಗಿ, ತಂಡಗಳು ಸೋಲದಿದ್ದರೆ ಸಾಕೆಂದು ಆಡಹತ್ತಿದವು. ಗೆಲ್ಲುವ ಹುರುಪು ಹೆಚ್ಚಲೆಂದು ೧೯೯೪ರ ವಿಶ್ವಕಪ್ಪಿನಿಂದ ಆ ಸ್ಪರ್ಧೆಯಲ್ಲಿ ಗೆಲವಿಗೆ ಮೂರು ಅಂಕಗಳನ್ನು ಕೊಡುತ್ತಾರೆ.

ಇನ್ನು ಅರಬ ರಾಷ್ಟ್ರಗಳ ಸ್ಪರ್ಧೆಗೆ ಬರೋಣ. ಅರಬ ಕಪ್ಪೆಂಬ ಹೆಸರಿನ ಈ ಪಂದ್ಯಾವಳಿಯು ೧೯೬೩ರಲ್ಲಿ ಲೆಬನಾನಿನ ಬೇರೂತ್ ನಗರದಲ್ಲಿ ಮೊದಲಾಯಿತು. ಆಗ ಬಂದವು ಐದೇ ತಂಡಗಳು. ಎಲ್ಲರೂ ಎಲ್ಲರೊಡನೆ ಆಡಿ, ಟ್ಯುನೀಷಿಯಾ ಗೆದ್ದಿತು. ೨೦೨೧ರಲ್ಲಿ ಕತಾರಿನಲ್ಲಿ ನಡೆದಾಗ ಅದು ವಿಶ್ವ ಕಾಲ್ಚೆಂಡು ಸಂಸ್ಥೆಯಾದ ಫಿಫಾದ ಆಡಳಿತಕ್ಕೆ ಬಂದು, ೧೬ ತಂಡಗಳು ನಾಲ್ಕು ಗುಂಪುಗಳಾಗಿ ಆಡಿದವು. ಒಟ್ಟು ೩೨ ಪಂದ್ಯಗಳಲ್ಲಿ ೨೪ ಗುಂಪಿನವೇ ಆಗಿದ್ದವು.

ಆ ವರ್ಷ ಅಲ್ಜೀರಿಯಾ ಮತ್ತು ಈಜಿಪ್ಟ್ ಒಂದೇ ಗುಂಪಿನಲ್ಲಿದ್ದವು. ಅಲ್ಜೀರಿಯಾ ಸುಡಾನನ್ನು ೪–೦, ಲೆಬನಾನನ್ನು ೨–೦ ಗೋಲುಗಳಿಂದ ಸೋಲಿಸಿತು. ಈಜಿಪ್ಟ್ ಲೆಬನಾನನ್ನು ೧–೦, ಸುಡಾನನ್ನು ೫–೦ ಗೋಲುಗಳಿಂದ ಸೋಲಿಸಿತು. ಡಿಸೆಂಬರ್ ೭ರಂದು ಇವೆರಡೂ ಎದುರುಬದುರಾಗಿ ನಿಂತಾಗ ಪಂದ್ಯವು ೧–೧ ಸಮವಾಯಿತು. ಇಬ್ಬರಿಗೂ ೭ ಅಂಕಗಳು, ಇಬ್ಬರೂ ಹೊಡೆದದ್ದು ೭ ಗೋಲುಗಳು, ಬಿಟ್ಟುಕೊಟ್ಟದ್ದು ಒಂದೊಂದೇ. ಆಗ ಯಾವ ತೂಕದಿಂದ ತೂಗಬೇಕು? ನಡತೆಯ ತೂಕದಿಂದ. ಒರಟಾಗಿ ಆಡಿದವರಿಗೆ ರೆಫರಿ ತೋರಿಸುವ ಹಳದಿ ಕಾರ್ಡಿಗೆ ಒಂದು, ಎರಡನೆಯ ಹಳದಿಯಿಂದ ಹೊರಗೆ ಹೋದರೆ ಮೂರು, ನೇರವಾದ ಕೆಂಪು ಕಾರ್ಡಿಗೆ ನಾಲ್ಕು, ಹೀಗೆ ಅಂಕಗಳನ್ನು ಕಳೆಯುವ ನಿಯಮವುಂಟು. ಆ ಲೆಕ್ಕದಲ್ಲಿ ಈಜಿಪ್ಟಿನ ನಷ್ಟವು ಕಡಿಮೆಯಾಗಿ, ಅದಕ್ಕೆ ಗುಂಪಿನ ಮೊದಲ ಸ್ಥಾನ ದೊರೆಯಿತು. ಆಟದಲ್ಲಿ ಸಭ್ಯತೆಯು ಬಾಯಿಮಾತಿನ ಉಪದೇಶವೆಂದು ತಿಳಿದವರು ಈ ಪಟ್ಟಿಯನ್ನು ನೋಡತಕ್ಕದ್ದು. ಅಲ್ಲಿ ಸಭ್ಯತೆಗೂ ಅಂಕಗಳಿದ್ದವು. ಆದರೆ ಎರಡನೆಯ ಸ್ಥಾನವೂ ದಾರಿಯನ್ನು ಮುಚ್ಚುವದಿಲ್ಲ. ಅದೇ ಅಲ್ಜೀರಿಯಾ ಮುಂದೆ ಒಂದೊಂದೇ ಮೆಟ್ಟಿಲು ಏರಿ, ಡಿಸೆಂಬರ್ ೧೮ರಂದು ಟ್ಯುನೀಷಿಯಾವನ್ನು ಸೋಲಿಸಿ ಕಪ್ಪನ್ನು ಪಡೆಯಿತು.

ಇಂಥದೇ ಸಂಗತಿಯು ಎರಡು ವರ್ಷಗಳೊಳಗೆ ನಮ್ಮ ರಾಜಧಾನಿಯಲ್ಲಿ ನಡೆಯಿತು. ೨೦೨೩ರ ಜೂನ್ ೨೧ರಿಂದ ಜುಲೈ ೪ರ ವರೆಗೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾದ ರಾಷ್ಟ್ರಗಳ ಪಂದ್ಯಾವಳಿಯು ಜರುಗಿತು. ಫಿಫಾದ ನಿಷೇಧದಿಂದ ಶ್ರೀಲಂಕೆ ಬರಲಾಗಲಿಲ್ಲ. ಎಂಟರ ಸಂಖ್ಯೆ ತುಂಬಲೆಂದು ಕುವೈತ್ ಮತ್ತು ಲೆಬನಾನ್ ತಂಡಗಳನ್ನು ಅತಿಥಿಗಳಾಗಿ ಕರೆದಿದ್ದರು. ಭಾರತ, ಕುವೈತ್, ನೇಪಾಳ, ಪಾಕಿಸ್ತಾನಗಳದು ಒಂದು ಗುಂಪು. ಲೆಬನಾನ್, ಬಾಂಗ್ಲಾದೇಶ, ಮಾಲ್ದೀವ್ಸ್, ಭೂತಾನಗಳದು ಇನ್ನೊಂದು.

ಭಾರತವು ಪಾಕಿಸ್ತಾನವನ್ನು ೪–೦, ನೇಪಾಳವನ್ನು ೨–೦ ಗೋಲುಗಳಿಂದ ಸೋಲಿಸಿತು. ಕುವೈತ್ ನೇಪಾಳವನ್ನು ೩–೧, ಪಾಕಿಸ್ತಾನವನ್ನು ೪–೦ ಗೋಲುಗಳಿಂದ ಸೋಲಿಸಿತು. ಜೂನ್ ೨೭ರ ರಾತ್ರಿ ಇವೆರಡೂ ಕೂಡಿದಾಗ, ಮೊದಲರ್ಧದ ಕೊನೆಗೆ ಸುನೀಲ ಛೇತ್ರಿಯವರು ಗೋಲು ಹೊಡೆದು ಭಾರತವನ್ನು ಮುಂದಕ್ಕೆ ತಂದರು. ತೊಂಬತ್ತು ನಿಮಿಷಗಳು ಕಳೆದು, ಕೂಡಿಸಿದ ಕೆಲವು ನಿಮಿಷಗಳ ಆಟ ನಡೆದಿರುವಾಗ ಚೆಂಡು ಭಾರತದವರೇ ಆದ ಅನ್ವರ ಅಲಿಯವರಿಗೆ ತಗಲಿ ನಮ್ಮ ಗೋಲಿನೊಳಗೇ ಹೋಯಿತು. ಪಂದ್ಯವು ೧–೧ ಸಮವಾಯಿತು. ಇಬ್ಬರಿಗೂ ೭ ಅಂಕಗಳು. ಭಾರತ ೭ ಹೊಡೆದು ೧ ಬಿಟ್ಟುಕೊಟ್ಟಿತ್ತು. ಕುವೈತ್ ೮ ಹೊಡೆದು ೨ ಬಿಟ್ಟುಕೊಟ್ಟಿತ್ತು. ಅಂತರವು ಇಬ್ಬರಿಗೂ ಆರೇ. ಆದರೆ ಕುವೈತ್ ಹೊಡೆದ ಗೋಲುಗಳು ಒಂದು ಹೆಚ್ಚು. ಆದುದರಿಂದ ಅದಕ್ಕೆ ಮೊದಲ ಸ್ಥಾನ, ಭಾರತಕ್ಕೆ ಎರಡನೆಯದು. ಎರಡನೆಯವರಾದ ಕಾರಣ ಭಾರತವು ಉಪಾಂತ್ಯದಲ್ಲಿ ಇನ್ನೊಂದು ಗುಂಪಿನ ಮೂರೂ ಪಂದ್ಯಗಳನ್ನು ಗೆದ್ದಿದ್ದ ಲೆಬನಾನನ್ನು ಎದುರಿಸಬೇಕಾಯಿತು. ಅದನ್ನು ಪೆನಾಲ್ಟಿ ಒದೆತಗಳಲ್ಲಿ ೪–೨ರಿಂದ ಗೆದ್ದು, ಅಂತಿಮ ಪಂದ್ಯದಲ್ಲಿ ಮತ್ತೆ ಕುವೈತಿನೊಡನೆ ೧–೧ ಸಮನಾಗಿ ಆಡಿ, ಪೆನಾಲ್ಟಿಗಳಲ್ಲಿ ೫–೪ರಿಂದ ಒಂಬತ್ತನೆಯ ಸಲ ಕಪ್ಪನ್ನು ಪಡೆಯಿತು. ಅದೇ ಸ್ಪರ್ಧೆಯ ಗುಂಪಿನ ಎರಡು ಪಂದ್ಯಗಳಲ್ಲಿ ಭಾರತದ ತರಬೇತುದಾರರಾದ ಇಗೋರ್ ಸ್ಟಿಮಾಚರಿಗೆ ಕೆಂಪು ಕಾರ್ಡು ಬಂದು, ಮುಂದಿನ ದೊಡ್ಡ ಪಂದ್ಯಗಳಲ್ಲಿ ಸಹಾಯಕರಾದ ಮಹೇಶ ಗವಳಿಯವರು ತಂಡವನ್ನು ನಡಿಸಬೇಕಾಯಿತೆಂಬದನ್ನೂ ಮರೆಯಲಾಗದು. ನಿಯಮವು ಗುರುಗಳಿಗೂ ಶಿಷ್ಯರಿಗೂ ಒಂದೇ.

ಈ ಕ್ರಮದಲ್ಲಿ ದೋಷಗಳಿಲ್ಲವೆಂದಲ್ಲ. ೧೯೮೨ರಲ್ಲಿ ಸ್ಪೇನ್ ದೇಶದಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಅಲ್ಜೀರಿಯಾ ಬಲಾಢ್ಯವಾದ ಪಶ್ಚಿಮ ಜರ್ಮನಿಯನ್ನು ೨–೧ ಗೋಲುಗಳಿಂದ ಸೋಲಿಸಿ ಲೋಕವನ್ನು ಬೆರಗುಗೊಳಿಸಿತು. ತನ್ನ ಮೂರು ಪಂದ್ಯಗಳನ್ನು ಅದು ಜೂನ್ ೨೪ಕ್ಕೆ ಮುಗಿಸಿತು. ಮರುದಿನ ಹಿಹೋನ್ ಎಂಬ ಊರಿನಲ್ಲಿ ಪಶ್ಚಿಮ ಜರ್ಮನಿಗೂ ಆಸ್ಟ್ರಿಯಾಕ್ಕೂ ಪಂದ್ಯವಿದ್ದಿತು. ಜರ್ಮನಿ ಒಂದೇ ಗೋಲಿನಿಂದ ಗೆದ್ದರೆ ಇಬ್ಬರೂ ಮುಂದೆ ಹೋಗಿ ಅಲ್ಜೀರಿಯಾ ಹೊರಗೆ ಬೀಳುವದೆಂದು ಲೆಕ್ಕವು ಇಬ್ಬರಿಗೂ ಮೊದಲೇ ತಿಳಿದಿತ್ತು. ಜರ್ಮನಿ ಆರಂಭದಲ್ಲಿಯೇ ಒಂದು ಗೋಲು ಹೊಡೆಯಿತು. ಬಳಿಕ ಎರಡೂ ತಂಡಗಳು ಚೆಂಡನ್ನು ಅತ್ತಿತ್ತ ಸಾಗಿಸುತ್ತ ಹೊತ್ತು ಕಳೆದವು. ನೋಡುವವರು ರೇಗಿ ಕೂಗಿದರು. ಅಲ್ಜೀರಿಯಾದ ದೂರು ನಡೆಯಲಿಲ್ಲ. ಆದರೆ ೧೯೮೬ರ ವಿಶ್ವಕಪ್ಪಿನಿಂದ ಪ್ರತಿ ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ವೇಳೆಗೆ ನಡಿಸುವ ಪದ್ಧತಿಯು ಬಂದಿತು. ಅನ್ಯಾಯಕ್ಕೊಳಗಾದವರು ತಮಗೆ ದೊರೆಯದ ನ್ಯಾಯವನ್ನು ಮುಂದಿನವರಿಗೆ ದೊರಕಿಸಿಕೊಟ್ಟರೆನ್ನಬಹುದು.

ಹಾಗಿದ್ದರೂ ತಮ್ಮ ಭಾಗ್ಯವು ಪರರ ಕೈಯಲ್ಲಿರುವ ಕಷ್ಟವು ಪೂರ್ಣವಾಗಿ ತಪ್ಪಿಲ್ಲ. ೨೦೨೫ರ ಡಿಸೆಂಬರಿನ ಅರಬ ಕಪ್ಪಿನಲ್ಲಿ ಟ್ಯುನೀಷಿಯಾ ಕೊನೆಯ ದಿನ ಆತಿಥೇಯರಾದ ಕತಾರನ್ನು ೩–೦ ಗೋಲುಗಳಿಂದ ಸೋಲಿಸಿತು. ಅದೇ ವೇಳೆಗೆ ಪ್ಯಾಲೆಸ್ತೀನ್ ಮತ್ತು ಸಿರಿಯಾ ಗೋಲಿಲ್ಲದೆ ಸಮವಾದ ಕಾರಣ ಅವೆರಡಕ್ಕೂ ೫ ಅಂಕಗಳಾಗಿ, ೪ ಅಂಕಗಳ ಟ್ಯುನೀಷಿಯಾ ಗೆದ್ದೂ ಹೊರಗೆ ಬಂದಿತು. ಶ್ರೀಮಂತವಾದ ಕತಾರಿಗೆ ಕೊನೆಯ ಸ್ಥಾನ. ಯುದ್ಧದಿಂದ ನೊಂದ ಪ್ಯಾಲೆಸ್ತೀನಿಗೆ ಮೊದಲ ಸ್ಥಾನ. ಮನೆಯವರೆಂದೂ ಸಿರಿವಂತರೆಂದೂ ಪಟ್ಟಿಯು ಯಾರ ಮುಖವನ್ನೂ ನೋಡುವದಿಲ್ಲ.

ಇದೆಲ್ಲವೂ ಗಂಡಸರ ಆಟವಾಯಿತಲ್ಲ ಎಂದು ನಮ್ಮ ಬಾಲಿಕೆಯರು ಕೇಳಬಹುದು. ಹಾಗೇನೂ ಇಲ್ಲ. ಅರಬ ರಾಷ್ಟ್ರಗಳ ಸ್ತ್ರೀಯರ ಕಪ್ಪನ್ನು ೨೦೦೬ರಲ್ಲಿ ಅಲ್ಜೀರಿಯಾದವರೂ ೨೦೨೧ರಲ್ಲಿ ಜೋರ್ಡಾನಿನವರೂ ಗೆದ್ದಿರುವರು. ನಮ್ಮ ಭಾರತದ ಸ್ತ್ರೀಯರ ತಂಡವು ೨೦೨೫ರಲ್ಲಿ ಥೈಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿ ಏಷ್ಯಾ ಕಪ್ಪಿನ ಅರ್ಹತೆಗಾಗಿ ಐದು ತಂಡಗಳ ಗುಂಪಿನಲ್ಲಿ ಆಡಿತು. ಮಂಗೋಲಿಯಾವನ್ನು ೧೩–೦, ಪೂರ್ವ ತಿಮೋರನ್ನು ೪–೦, ಅರಬ ರಾಷ್ಟ್ರವಾದ ಇರಾಕನ್ನು ೫–೦ ಗೋಲುಗಳಿಂದ ಸೋಲಿಸಿತು. ಥೈಲೆಂಡಿನವರೂ ಅದೇ ಮೂರು ತಂಡಗಳನ್ನು ಸೋಲಿಸಿ, ಒಂದೂ ಬಿಟ್ಟುಕೊಡದೆ ೨೨ ಗೋಲುಗಳನ್ನೇ ಹೊಡೆದಿದ್ದರು. ಕೂದಲೆಳೆಯಷ್ಟೂ ಅಂತರವಿಲ್ಲ. ಒಂದೇ ತಂಡಕ್ಕೆ ಮುಂದಿನ ದಾರಿ. ಜುಲೈ ೫ರ ಕೊನೆಯ ಪಂದ್ಯದಲ್ಲಿ ಸಂಗೀತಾ ಬಾಸ್ಫೋರ್ ಅವರ ಎರಡು ಗೋಲುಗಳಿಂದ ಭಾರತವು ೨–೧ರಂತೆ ಗೆದ್ದು, ಅರ್ಹತಾ ಪಂದ್ಯಗಳ ಮಾರ್ಗದಿಂದ ಮೊದಲನೆಯ ಸಲ ಏಷ್ಯಾ ಕಪ್ಪಿಗೆ ಹೋಗುವ ಹಕ್ಕನ್ನು ಸಂಪಾದಿಸಿತು.

ಈಗ ನಮ್ಮ ಊರಿನ ಮಾತು. ಒಂದೇ ದಿನದಲ್ಲಿ ಮುಗಿಸಬೇಕಾದ ಪಂದ್ಯಗಳನ್ನು ಸೋತವರು ಹೊರಗೆ ಎಂಬ ಕ್ರಮದಲ್ಲಿಯೇ ನಡಿಸಬೇಕಾಗುವದು. ಅದಕ್ಕೆ ಯಾರನ್ನೂ ದೂರಲಾಗದು. ಆದರೆ ಮನೆಯಲ್ಲಿ ಬೇಡಿಕೊಂಡು ಅಪ್ಪಣೆ ಪಡೆದು, ಹಳ್ಳಿಯಿಂದ ಬಸ್ಸಿನಲ್ಲಿ ಬಂದ ಬಾಲಿಕೆಯು ಅರ್ಧ ಗಳಿಗೆಯೊಳಗೆ ಸೋತು ಹಿಂದಿರುಗಿದರೆ, ಅವಳ ಮನೆಯವರು ಇಷ್ಟಕ್ಕೇ ಹೋಗಿದ್ದೆಯಾ ಎಂದು ಕೇಳದಿರುವರೆ? ಮುಂದಿನ ವರ್ಷ ಅವಳಿಗೆ ಅಪ್ಪಣೆ ದೊರೆಯುವದು ಕಷ್ಟ. ಮೊದಲ ಪಂದ್ಯದಲ್ಲಿ ಅಂಜಿಕೆ, ಎರಡನೆಯದರಲ್ಲಿ ಧೈರ್ಯ, ಮೂರನೆಯದರಲ್ಲಿ ಆಟ. ಮಕ್ಕಳ ಸ್ವಭಾವವೇ ಹೀಗೆ. ಒಂದೇ ಪಂದ್ಯವಾಡಿದವಳು ಅಂಜಿಕೆಯನ್ನಷ್ಟೇ ಹೊತ್ತು ಮನೆಗೆ ಹೋಗುವಳು.

ಆದುದರಿಂದ ನನ್ನ ಸೂಚನೆ ಇಷ್ಟೇ. ಶಾಲೆಯ ಬಾಲಿಕೆಯರನ್ನು ನಾಲ್ಕು ತಂಡ ಮಾಡಿದರೆ ೬ ಪಂದ್ಯಗಳಾಗುವವು. ಶನಿವಾರಕ್ಕೊಂದರಂತೆ ಆರು ಶನಿವಾರಗಳಲ್ಲಿ ಮುಗಿಯುವವು. ಕಾಲ್ಚೆಂಡೇ ಆಗಬೇಕೆಂದಿಲ್ಲ, ಥ್ರೋಬಾಲ್, ಕಬಡ್ಡಿ, ಖೋ ಖೋ ಯಾವದಾದರೂ ಆಗಬಹುದು. ಅಂಕಗಳ ಪಟ್ಟಿಯನ್ನು ಬಾಲಿಕೆಯರೇ ಹಲಗೆಯ ಮೇಲೆ ಬರೆಯಲಿ. ಕೂಡುವದು ಕಳೆಯುವದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ನಡತೆಗೂ ಒಂದು ಸಾಲು ಇರಲಿ. ಮುಂದೆ ಅನುಕೂಲವಾದರೆ ಸಿಂಧನೂರು ಮತ್ತು ಲಿಂಗಸುಗೂರಿನ ನಡುವೆ ಇರುವ ಮಸ್ಕಿಯಲ್ಲಿ ಮೂರು ಊರುಗಳ ಬಾಲಿಕೆಯರು ಕೂಡಿ ಆಡಬಹುದು. ಮೂರೇ ಪಂದ್ಯಗಳು, ಪ್ರತಿ ತಂಡಕ್ಕೂ ಎರಡು.

ಹಳೆಯ ವಿದ್ಯಾರ್ಥಿನಿಯರು ಆಯಾ ಊರಿನಲ್ಲಿರುವವರು ಬಂದು ಸೀಟಿ ಹಿಡಿಯುವದಕ್ಕೂ ಲೆಕ್ಕ ಬರೆಯುವದಕ್ಕೂ ಒಪ್ಪಿದರೆ ಅರ್ಧ ಕೆಲಸವಾದಂತೆ. ಉಳಿದರ್ಧವು ತಂದೆತಾಯಿಗಳದು. ಮಗಳು ಮೊದಲ ಶನಿವಾರ ಸೋತು ಬಂದಾಗ, ಪಟ್ಟಿಯಲ್ಲಿ ಇನ್ನೆರಡು ಪಂದ್ಯಗಳು ಉಳಿದಿವೆಯೆಂಬದನ್ನು ನೆನೆದು, ಮುಂದಿನ ಶನಿವಾರವೂ ಅವಳನ್ನು ಕಳುಹಿಸಿಕೊಡಬೇಕೆಂದು ವಿನಯಪೂರ್ವಕವಾಗಿ ಬೇಡಿಕೊಳ್ಳುತ್ತೇನೆ.