ನೂರಕ್ಕೆ ಒಂದು: ಐರಿಷ್ ಕೈದಿ ಹೆಂಗಸರ ಕಡಲಯಾನದ ಸಾವಿನ ಲೆಕ್ಕ

1788ರಿಂದ 1868ರವರೆಗೆ ಬ್ರಿಟಿಷ್ ಆಡಳಿತ ಆಸ್ಟ್ರೇಲಿಯಾಕ್ಕೆ ಗಡಿಪಾರು ಮಾಡಿದ ಸುಮಾರು 1,62,000 ಕೈದಿಗಳಲ್ಲಿ ಹೆಂಗಸರು 25,000ದಷ್ಟು. ಅವರಲ್ಲಿ ಸಾವಿರಾರು ಮಂದಿ ಐರ್ಲೆಂಡಿನವರು. ಅಲ್ಲಿಂದ ನೇರವಾಗಿ ಹೊರಟ ಮೊದಲ ಕೈದಿ ಹಡಗು ‘ಕ್ವೀನ್’ 1791ರಲ್ಲಿ ಕಾರ್ಕ್ ಬಂದರನ್ನು ಬಿಟ್ಟಿತು. ಬಹುಪಾಲು ಹೆಂಗಸರ ಮೇಲಿದ್ದುದು ಕಳ್ಳತನದ ಆರೋಪ. ಕದ್ದದ್ದು ಬಟ್ಟೆ, ಕುರಿ, ಹಸು. ಶಿಕ್ಷೆ ಸಾಮಾನ್ಯವಾಗಿ ಏಳು ವರ್ಷ. 1845ರಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಕ್ಷಾಮ ಬಿದ್ದ ಮೇಲೆ, ಗಡಿಪಾರಾದರೆ ಹೊಟ್ಟೆಗಾದರೂ ಸಿಕ್ಕೀತೆಂದು ಬೇಕೆಂದೇ ಬೆಂಕಿ ಹಚ್ಚಿ ಸಿಕ್ಕಿಬಿದ್ದವರೂ ಇದ್ದರು.

ಗುತ್ತಿಗೆದಾರರಿಂದ ವೈದ್ಯರ ಕೈಗೆ

ಆರಂಭದ ಯಾನಗಳು ಭೀಕರವಾಗಿದ್ದವು. 1790ರಲ್ಲಿ ಸಿಡ್ನಿ ಮುಟ್ಟಿದ ಕೈದಿ ಹಡಗುಗಳ ಎರಡನೇ ತಂಡದ ಕೈದಿಗಳಲ್ಲಿ ಸುಮಾರು ಕಾಲುಭಾಗ ದಾರಿಯಲ್ಲೇ ಸತ್ತರು. ಗುತ್ತಿಗೆದಾರನಿಗೆ ಹತ್ತಿಸಿಕೊಂಡ ತಲೆಗೆ ಹಣ ಸಿಗುತ್ತಿತ್ತೇ ಹೊರತು ಬದುಕಿ ಇಳಿದವರಿಗಲ್ಲ. 1814ರಲ್ಲಿ ಹಡಗುಗಳಲ್ಲಿ ಟೈಫಸ್ ಜ್ವರ ಹಬ್ಬಿದಾಗ ವಸಾಹತಿನ ವೈದ್ಯನೊಬ್ಬ ವರದಿ ಬರೆದ. ಆತನೂ ಗಡಿಪಾರಾಗಿ ಬಂದವನೇ. ಮರುವರ್ಷದಿಂದ ಪ್ರತಿ ಹಡಗಿಗೂ ನೌಕಾದಳದ ವೈದ್ಯ ಮೇಲ್ವಿಚಾರಕನಾದ. ಡೆಕ್ಕುಗಳನ್ನು ಒಣಗಿಸಿ ಇಡುವುದು, ಗಾಳಿಯಾಡಿಸುವುದು, ನಿಂಬೆರಸ ಹಂಚುವುದು ನಿಯಮವಾಯಿತು. ಕೈದಿಗಳ ಸಾವಿನ ಸರಾಸರಿ ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ಈ ಸಾಧನೆಯನ್ನು ಕಡೆಗಣಿಸಲಾಗದು. 1847ರಲ್ಲಿ ಕ್ಷಾಮದಿಂದ ಪಾರಾಗಲು ತಾವಾಗಿಯೇ ಕೆನಡಾಕ್ಕೆ ಹಡಗು ಹತ್ತಿದ ಐರಿಷ್ ಬಡವರು ಸಾವಿರಗಟ್ಟಲೆ ಸತ್ತರು. ಆ ವರ್ಷ ಸಂಕೋಲೆಯ ಹಡಗೇ ಹೆಚ್ಚು ಸುರಕ್ಷಿತವಾಗಿತ್ತು.

ಡೆಕ್ಕಿನ ಕೆಳಗೆ

ಯಾನ ಸುಮಾರು ನಾಲ್ಕು ತಿಂಗಳಿನದು. ವೈದ್ಯರ ದಿನಚರಿಗಳಲ್ಲಿ ವಾಂತಿ, ಮಲಬದ್ಧತೆ, ಅತಿಸಾರ, ಆಮಶಂಕೆ, ಕಣ್ಣುಬೇನೆ, ಕ್ಷಯ, ಸ್ಕರ್ವಿ ಮತ್ತೆಮತ್ತೆ ಬರುತ್ತವೆ. ಆಲೂಗಡ್ಡೆ, ಮಜ್ಜಿಗೆಗೆ ಒಗ್ಗಿದ ಹೊಟ್ಟೆಗಳಿಗೆ ಉಪ್ಪು ಹಾಕಿದ ಮಾಂಸ, ಗಟ್ಟಿ ಬಿಸ್ಕತ್ತು ಬಿದ್ದವು. ಮುಟ್ಟು ನಿಂತವರು, ಮೂರ್ಛೆ ಹೋದವರು, ಮಕ್ಕಳನ್ನು ಬಿಟ್ಟುಬಂದ ದುಃಖದಲ್ಲಿ ಊಟ ಬಿಟ್ಟವರು ಎಷ್ಟೋ ಸಲ ‘ಹಿಸ್ಟೀರಿಯಾ’ ಎಂಬ ಒಂದೇ ಶೀರ್ಷಿಕೆಯಡಿ ಸೇರಿಹೋದರು.

ಎಲ್ಲಕ್ಕಿಂತ ದುರ್ಬಲರು ಕಂಕುಳ ಕೂಸುಗಳು. ತಾಯಿಗೆ ಆಮಶಂಕೆ ತಗಲಿದರೆ ಹಾಲು ಬತ್ತುತ್ತಿತ್ತು, ಮಗುವಿಗೆ ತಿನ್ನಿಸಲು ಹಡಗಿನಲ್ಲಿ ತಕ್ಕ ಆಹಾರವಿರಲಿಲ್ಲ. ತಾಯಂದಿರಿಗಿಂತ ಮಕ್ಕಳೇ ಹೆಚ್ಚಿನ ಪ್ರಮಾಣದಲ್ಲಿ ಸತ್ತರು. ನೌಕಾಘಾತಗಳು ವಿರಳ. ಆದರೆ ಕಾರ್ಕ್‌ನಿಂದ ಹೊರಟ ‘ನೀವಾ’ 1835ರ ಮೇ ತಿಂಗಳಲ್ಲಿ ಕಿಂಗ್ ದ್ವೀಪದ ಬಳಿ ಒಡೆದಾಗ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತು, ಕೊನೆಗೆ ಉಳಿದವರು 15 ಜನ.

ಲೆಕ್ಕದ ಎರಡು ದಡಗಳು

ನೂರಕ್ಕೆ ಒಂದು ಎಂಬ ಅಂಕಿ ಸುಳ್ಳಲ್ಲ. ಆದರೆ ಅದರ ವ್ಯಾಪ್ತಿ ಬಹಳ ಕಿರಿದು. ಹೊರಡುವ ಮುನ್ನವೇ ರೋಗಿಗಳನ್ನು ಬೇರ್ಪಡಿಸಿ ದಡದಲ್ಲಿ ಉಳಿಸಲಾಗುತ್ತಿತ್ತು. ಮಕ್ಕಳು ಕೈದಿಗಳಲ್ಲವಾದ್ದರಿಂದ ಕೈದಿಗಳ ಸರಾಸರಿಯೊಳಗೆ ಬರುತ್ತಿರಲಿಲ್ಲ. ಹಡಗಿನಿಂದ ಇಳಿದ ಮೇಲೆ ವೈದ್ಯನ ಹೊಣೆಯೂ ಮುಗಿಯುತ್ತಿತ್ತು. ಗಡಿಪಾರಿನ ನಿಜವಾದ ಬೆಲೆ ತಿಳಿಯಬೇಕಾದರೆ ಹೋಬಾರ್ಟ್‌ನ ಸ್ತ್ರೀ ಕಾರಾಗೃಹವನ್ನೂ ನೋಡಬೇಕು. ಬೆಟ್ಟದ ನೆರಳಿನ ತೇವದ ಕಣಿವೆಯಲ್ಲಿ, ಹಳೆಯ ಮದ್ಯದ ಬಟ್ಟಿಯ ಕಟ್ಟಡದಲ್ಲಿ ಅದು 1828ರಲ್ಲಿ ಶುರುವಾಯಿತು. ಅಲ್ಲಿ ಹೆತ್ತವಳು ಮಗುವಿಗೆ ಹಾಲು ಬಿಡಿಸಿದೊಡನೆ, ಬಸುರಾದ ತಪ್ಪಿಗೆ ಶಿಕ್ಷೆಯ ವಿಭಾಗಕ್ಕೆ ಹೋಗಬೇಕಿತ್ತು. ತಾಯಿಯಿಲ್ಲದ ಕೂಸುಗಳು ಇಕ್ಕಟ್ಟಿನ ಕೋಣೆಗಳಲ್ಲಿ ಒಂದರ ಹಿಂದೊಂದು ಸತ್ತವು. 1838ರಲ್ಲಿ ಮಗುವೊಂದರ ಸಾವಿನ ವಿಚಾರಣೆ ನಡೆದ ಬಳಿಕವಷ್ಟೇ ಶಿಶುಗಳನ್ನು ಊರೊಳಗಿನ ಬೇರೆ ಮನೆಗೆ ಸಾಗಿಸಲಾಯಿತು.